ಒಂಬತ್ತನೇ ಸಾಕ್ಷಿಗುಡ್ಡೆ

ಮೂವತ್ತೆಂಟು ವರ್ಷ ನಾನು ಬರೆದದ್ದರಲ್ಲಿ ಒಂದು ಸಾಲನ್ನೂ ಯಾರೂ ಸಂತೋಷಕ್ಕಾಗಿ ಓದಿಲ್ಲ. ಓದಿದವರೆಲ್ಲ ತಪ್ಪು ಹುಡುಕಲು ಓದಿದರು, ಅದೂ ಸಂಬಳ ತೆಗೆದುಕೊಂಡು. ಸರ್ಕಾರಿ ಕಾಮಗಾರಿ ಹಿಡಿಯುವ ಗುತ್ತಿಗೆದಾರನ ಹತ್ತಿರ ಲೆಕ್ಕ ಬರೆಯುವ ಕೆಲಸವೆಂದರೆ ಇಷ್ಟೇ. ಈಗ ಸಿಂಧನೂರು, ಲಿಂಗಸುಗೂರು ಕಡೆ ಇದೇ ಕೆಲಸಕ್ಕೆ ಸೇರುವವರು ಫ್ಯಾನಿನ ಕೆಳಗೆ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಅವರು ನನ್ನಿಂದ ಕಲಿಯುವುದು ಹೆಚ್ಚೇನಿಲ್ಲ. ಆದರೆ ನನ್ನ ಕಡೆಯಿಂದ ಒಂದು ತಿದ್ದುಪಡಿ ಬಾಕಿ ಉಳಿದಿದೆ. ಅದನ್ನು ಹಾಕುವ ಮೊದಲು ಆಗ ಕೆಲಸ ಹೇಗಿತ್ತು ಎಂದು ಹೇಳಿಬಿಡುತ್ತೇನೆ.

ನಾನು ಮಸ್ಕಿಯವನು. ನಮ್ಮೂರಲ್ಲಿ ಬಂಡೆಯ ಮೇಲೆ ಬರೆದದ್ದು ಎರಡು ಸಾವಿರ ವರ್ಷ ಉಳಿದಿದೆ. ನಾನು ಬರೆದ ಕಾಗದಗಳನ್ನು ಇಷ್ಟು ವರ್ಷವಾದ ಮೇಲೆ ಸುಡಬಹುದು ಎಂದು ನಿಯಮವೇ ಇದೆ. ಶಾಲೆ ಕಲಿತದ್ದು ಲಿಂಗಸುಗೂರಿನಲ್ಲಿ, ಉರ್ದುವಿನಲ್ಲಿ. ಕಲಿತು ಹೊರಬರುವಷ್ಟರಲ್ಲಿ ನಿಜಾಮರ ರಾಜ್ಯ ಹೋಗಿತ್ತು. ಏಕೀಕರಣವಾಗಿ ಉರ್ದು ಕಚೇರಿಗಳಿಂದಲೂ ಹೋಯಿತು. ಕಲಿತ ವಿದ್ಯೆ ಕೆಲಸಕ್ಕೆ ಬರಲಿಲ್ಲ. ಉಳಿದದ್ದು ದುಂಡಗಿನ ಅಕ್ಷರ ಮಾತ್ರ. ಎಡದಂಡೆ ಕಾಲುವೆ ನಮ್ಮ ಸೀಮೆಗೆ ಬಂದ ಕಾಲ ಅದು. ಸಿಂಧನೂರಿನಲ್ಲಿ ಮನೆಗೊಬ್ಬ ಗುತ್ತಿಗೆದಾರ ಹುಟ್ಟಿದ್ದ, ಆದರೆ ಬರೆಯುವವರು ಸಾಲುತ್ತಿರಲಿಲ್ಲ. ಹಾಗೆ ನನಗೆ ರಾಮಯ್ಯ ಎಂಬ ಗುತ್ತಿಗೆದಾರರಲ್ಲಿ ಕೆಲಸ ಸಿಕ್ಕಿತು.

ರಾಮಯ್ಯ ಆಂಧ್ರದ ಕಡೆಯಿಂದ ಬಂದವರು. ಬಿಳಿ ಪಂಚೆ, ಕಿವಿಯಲ್ಲಿ ಕೂದಲು. ಓದು ಬಾರದು. ಆದರೆ ಕಾಗದದ ಮೇಲೆ ಕೈಯಾಡಿಸಿ, 'ಇದು ಡಬ್ಬು ತರುವ ಕಾಗದವೋ, ಡಬ್ಬು ಒಯ್ಯುವ ಕಾಗದವೋ' ಎಂದು ಕೇಳುತ್ತಿದ್ದರು. ದುಡ್ಡು ಒಯ್ಯುವುದಾದರೆ ನಾನೇ ಇಟ್ಟುಕೊಳ್ಳಬೇಕು. ಅವರ ಹಳೆಯ ಮುನ್ಷಿ ಖಾದರ್ ಸಾಬ್ ನನ್ನ ಗುರು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಅವರು ಮೊದಲ ದಿನವೇ ಎರಡು ಮಾತು ಹೇಳಿಕೊಟ್ಟರು.

'ಬರದದ್ದು ಇತ್ತು, ಬರೀಲಾರದ್ದು ಇರ್ಲಿಲ್ಲ. ದಫ್ತರಕ್ಕ ಇಷ್ಟ ಗೊತ್ತು,' ಎಂಬುದು ಮೊದಲನೆಯದು.

ಎರಡನೆಯದನ್ನು ಹೇಳುವಾಗ ನನ್ನ ಕೈಯಿಂದ ರಬ್ಬರು ಕಸಿದು ಕಿಟಕಿಯಿಂದ ಹೊರಗೆ ಎಸೆದರು. 'ಅಳಿಸಬ್ಯಾಡ. ತಪ್ಪಾತಂದ್ರ ಒಂದ ಗೆರಿ ಎಳಿ, ಹಳೇದು ಕಾಣಬೇಕು. ಮ್ಯಾಲ ಸರಿ ಇದ್ದದ್ದು ಬರದು ದಸ್ತ್‌ಖತ್ ಹಾಕು. ತಪ್ಪು ಮಾಡಿದಾವ ಕಳ್ಳ ಅಲ್ಲ, ಅಳಿಸಿದಾವ ಕಳ್ಳ.' ರಬ್ಬರು ನನ್ನ ದುಡ್ಡಿನದು. ಅದನ್ನು ಯಾರೂ ಕೇಳಲಿಲ್ಲ.

ಕೆಲಸಗಾರರ ಹಾಜರಿ ಹಾಕುವ ದೊಡ್ಡ ಹಾಳೆಗೆ ಮಸ್ಟರ್ ಎನ್ನುತ್ತಿದ್ದೆವು. ಹೆಸರು, ದಿನ, ಕೂಲಿ, ಕೊನೆಗೆ ಹೆಬ್ಬೆಟ್ಟು. ಕೂಲಿ ನಿಜವಾಗಿ ಕೊಟ್ಟಿದ್ದೇವೆ ಎಂಬುದಕ್ಕೆ ಅದೇ ಪುರಾವೆ. ಇಲಾಖೆಯವರು ಯಾವಾಗ ಕೇಳಿದರೂ ತೋರಿಸಬೇಕು. ನಾನು ಸೇರಿದ ಮೊದಲ ವರ್ಷವೇ ಒಂದು ವಾರದ ಮಸ್ಟರಿನ ಕಾಲುಭಾಗವನ್ನು ಕತ್ತೆಯೊಂದು ತಿಂದಿತು. ಮಣ್ಣಿನ ಕೆಲಸದವರ ಕತ್ತೆ. ಅಗೆದ ಮಣ್ಣನ್ನು ಕಾಲುವೆಯ ಏರಿಗೆ ಹೊರುವುದು ಅದರ ಕೆಲಸ. ಹಾಳೆಯ ಮೇಲೆ ನಾನು ಬುತ್ತಿಯ ಗಂಟು ಇಟ್ಟಿದ್ದೆ, ಎಣ್ಣೆ ಹತ್ತಿತ್ತು.

ನಡೆದದ್ದನ್ನು ನಡೆದ ಹಾಗೆಯೇ ಬರೆದು ಇಲಾಖೆಗೆ ಕಳಿಸಿದೆವು. ಎರಡು ತಿಂಗಳಿಗೆ ಉತ್ತರ ಬಂತು. ಸದರಿ ಕತ್ತೆ ಆ ದಿನ ಕಾಮಗಾರಿಯ ಮೇಲೆ ಇತ್ತೇ, ಇದ್ದಲ್ಲಿ ಅದರ ಹಾಜರಿ ಯಾವ ಪುಟದಲ್ಲಿದೆ, ಎಂದು ಕೇಳಿದ್ದರು. ಹಾಜರಿ ಇತ್ತು, ಆದರೆ ಕತ್ತೆ ತಿಂದ ಭಾಗದಲ್ಲಿತ್ತು. ಹಾಗೆಂದು ಬರೆದೆವು. ಆಮೇಲೆ ಅವರು ಏನೂ ಕೇಳಲಿಲ್ಲ.

ಕತ್ತೆಯ ಒಡತಿ ಹುಲಿಗೆಮ್ಮ. ಅಗೆಯುವವರ ಗ್ಯಾಂಗಿನ ಹಿರಿಯಳು ಅವಳೇ. ಗಂಡ ಇದ್ದ, ಆದರೆ ಮಾತಾಡುತ್ತಿದ್ದುದು ಇವಳು. ಮಸ್ಟರ್ ಹರಿದ ದಿನ ಬಂದು ಹಾಳೆ ನೋಡಿ, 'ನಮ್ಮ ಕತ್ತಿ ತಿಂದ ಹೆಸರಿನವರಿಗೆ ಕೂಲಿ ಇಲ್ಲಂತೀರೇನ್ರಿ?' ಎಂದು ಕೇಳಿದಳು. ಇಲ್ಲ, ಎಲ್ಲರಿಗೂ ಕೊಡುತ್ತೇವೆ ಎಂದೆ. 'ಹಂಗಾದ್ರ ತಿನ್ಲಿ ಬಿಡ್ರಿ,' ಎಂದು ಹೋದಳು.

ಇನ್ನೊಮ್ಮೆ ತಪಾಸಣೆಯವರು ಮಸ್ಟರ್ ನೋಡಿ, ಎಲ್ಲ ಹೆಬ್ಬೆಟ್ಟೂ ಒಂದೇ ತರಹದ ಮಸಿಯ ಕಲೆ, ಒಬ್ಬನೇ ಒತ್ತಿರಬೇಕು ಎಂದು ಆಕ್ಷೇಪಣೆ ಬರೆದರು. ನಾನು ಹೆದರಿ ಗ್ಯಾಂಗಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಹೆಬ್ಬೆಟ್ಟು ತೋರಿಸಿ ಎಂದೆ. ತೋರಿಸಿದರು. ಗುದ್ದಲಿ ಹಿಡಿದು ಹಿಡಿದು ಒಬ್ಬರ ಬೆರಳಲ್ಲೂ ಗೆರೆ ಉಳಿದಿರಲಿಲ್ಲ. ನದಿಯ ಕಲ್ಲಿನಷ್ಟು ನುಣುಪು.

'ಗೆರಿ ಎಲ್ಲಾ ನಿಮ್ಮ ಕಾಲುವ್ಯಾಗ ಹೋಗ್ಯಾವ್ರಿ. ಬೇಕಾದ್ರ ಅಲ್ಲಿ ಹುಡುಕ್ರಿ,' ಎಂದಳು ಹುಲಿಗೆಮ್ಮ. ತಪಾಸಣೆಯವರು ಹುಡುಕಲು ಹೋಗಲಿಲ್ಲ. ಪ್ರತಿ ಹೆಬ್ಬೆಟ್ಟಿನ ಪಕ್ಕ ಗುರುತು ಹಿಡಿದವರ ಸಹಿ ಹಾಕಿಸಿ ಎಂದರು. ಹೀಗೆ ಗ್ಯಾಂಗಿನವರನ್ನೆಲ್ಲ ಗುರುತು ಹಿಡಿಯುವವನು ನಾನಾದೆ.

ಆ ಸಹಿ ಹಾಕಲು ಮುಖ ನೋಡಲೇಬೇಕಿತ್ತು. ಅದರಿಂದ ನನಗೊಂದು ಅಭ್ಯಾಸ ಬಂತು. ಬಂದವರಿಗೆ ಬಂದರು ಎಂದೇ ಬರೆದೆ. ಇದೇನು ದೊಡ್ಡ ಗುಣವೇ ಎಂದು ನೀವು ಕೇಳಬಹುದು. ಸುತ್ತಲಿನ ಗುಮಾಸ್ತರು ಆರು ದಿನ ದುಡಿದವರಿಗೆ ಐದು ದಿನ ಹಾಕಿ, ಉಳಿದ ದಿನದ ಕೂಲಿಯಲ್ಲಿ ಸೈಕಲ್ ಕೊಂಡಿದ್ದರು. ನಾನು ಬಹಳ ವರ್ಷ ನಡೆದೇ ಓಡಾಡಿದೆ.

ಇನ್ನು ಗುಡ್ಡೆಗಳ ವಿಷಯ. ಇದನ್ನು ಇಂದಿನವರು ನೋಡಿಲ್ಲ. ಏರಿ ಕಟ್ಟಲು ಪಕ್ಕದ ಹೊಲದಲ್ಲಿ ಗುಂಡಿ ತೋಡಿ ಮಣ್ಣು ತೆಗೆಯುತ್ತಿದ್ದರು. ಎಷ್ಟು ಆಳ ಅಗೆದರು ಎಂಬುದರ ಮೇಲೆ ದುಡ್ಡು. ಅಗೆದು ಮುಗಿದ ಮೇಲೆ ಮೊದಲಿನ ನೆಲ ಎಲ್ಲಿತ್ತು ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಗುಂಡಿಯೊಳಗೆ ಅಲ್ಲಲ್ಲಿ ಕಂಬದ ಹಾಗೆ ಒಂದಿಷ್ಟು ನೆಲವನ್ನು ಅಗೆಯದೆ ಬಿಡುತ್ತಿದ್ದರು. ತಲೆಯ ಮೇಲೆ ಹಳೆಯ ಹುಲ್ಲು ಹಾಗೇ ಇರಬೇಕು. ಇದಕ್ಕೆ ಸಾಕ್ಷಿಗುಡ್ಡೆ ಎಂದು ಹೆಸರು. ಮೊದಲು ಓವರ್‌ಸಿಯರ್ ಬಂದು ಅಳೆಯುತ್ತಾನೆ, ಆಮೇಲೆ ಎಂಜಿನಿಯರ್ ಬಂದು ಅದೇ ಗುಡ್ಡೆಯನ್ನು ಮತ್ತೆ ಅಳೆದು ಸರಿ ಎನ್ನುತ್ತಾನೆ. ಅಲ್ಲಿಯವರೆಗೆ ಗುಡ್ಡೆ ಮುಟ್ಟಬಾರದು. ಗುಡ್ಡೆ ಹೋದರೆ ಆಳ ಹೋಯಿತು, ಆಳ ಹೋದರೆ ದುಡ್ಡು ಹೋಯಿತು.

ಗುಡ್ಡೆಯ ತಲೆಗೆ ಮಣ್ಣು ಏರಿಸಿ, ಮೇಲೆ ಹುಲ್ಲಿನ ಹೆಂಟೆ ಕೂರಿಸಿ, ಆಳ ಹೆಚ್ಚು ತೋರಿಸುವ ಕಳ್ಳತನವೂ ಇತ್ತು. ಸಿಕ್ಕಿಬಿದ್ದ ಗುತ್ತಿಗೆದಾರನಿಗೆ ಮುಂದೆ ಕೆಲಸ ಸಿಗುತ್ತಿರಲಿಲ್ಲ. ಹೆಸರು ಬದಲಿಸಿಕೊಂಡರೆ ಸಿಗುತ್ತಿತ್ತು.

ವಳಕಮದಿನ್ನಿಯ ಹತ್ತಿರದ ಉಪಕಾಲುವೆಯಲ್ಲಿ ನಮ್ಮ ಗುಂಡಿಗೆ ಒಂಬತ್ತು ಗುಡ್ಡೆ ಇದ್ದವು. ಆ ಬೇಸಿಗೆಯಲ್ಲಿ ಹುಲಿಗೆಮ್ಮನ ಎರಡು ಕತ್ತೆ ಸತ್ತವು. ಮಸ್ಟರ್ ತಿಂದದ್ದೂ ಅದರಲ್ಲಿ ಒಂದು. ಮಸ್ಟರ್ ತಿಂದದ್ದರಿಂದಲ್ಲ, ಅದಕ್ಕೆ ವಯಸ್ಸಾಗಿತ್ತು. ಮಣ್ಣಿನ ಕೆಲಸದವರಿಗೆ ವಾರವಾರ ಹಾಜರಿಯ ಮೇಲೆ ಹೊಟ್ಟೆಗಾಗುವಷ್ಟು ಕೂಲಿ ಕೊಟ್ಟು, ಅಗೆದ ಆಳದ ಲೆಕ್ಕದ ಬಾಕಿಯನ್ನು ಕೊನೆಯ ಅಳತೆಯಾದ ಮೇಲೆ ಒಟ್ಟಿಗೆ ಕೊಡುವುದು ವಾಡಿಕೆ. ಆ ಬಾಕಿಯಲ್ಲಿ ಹುಲಿಗೆಮ್ಮ ಎರಡು ಕತ್ತೆ ಕೊಳ್ಳುವವಳಿದ್ದಳು. ಕತ್ತೆಯಿಲ್ಲದ ಗ್ಯಾಂಗಿಗೆ ಮುಂದಿನ ಮೈಲಿಯ ಕೆಲಸ ಕೊಡುವುದಿಲ್ಲ ಎಂದು ರಾಮಯ್ಯ ಹೇಳಿಬಿಟ್ಟಿದ್ದರು. ಎರಡು ಬಂದರೆ ಪೂರಾ ಕೆಲಸ, ಒಂದು ಬಂದರೆ ಅರ್ಧ, ಇಲ್ಲವೆಂದರೆ ಇಲ್ಲ.

ಒಂದು ದಿನ ಓವರ್‌ಸಿಯರ್ ಬಂದು ಅಳೆದು, ಬಿಲ್ಲಿಗೆ ಬರೆದುಕೊಂಡು, ವರ್ಗವಾಗಿ ಹೋದ. ನಾನು ಅಳತೆ ಮುಗಿಯಿತು ಎಂದುಕೊಂಡೆ. ಎಂಜಿನಿಯರರ ಅಳತೆ ಇನ್ನೂ ಬಾಕಿ ಇದೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ರಾಮಯ್ಯ ಊರಿಗೆ ಹೋಗಿದ್ದರು, ಖಾದರ್ ಸಾಬ್ ಲಿಂಗಸುಗೂರಿನ ಕಚೇರಿಗೆ. ನಾನು ಒಬ್ಬನೇ ದೊಡ್ಡವನು. ಹೊಸದಾಗಿ ಮದುವೆಯಾಗಿತ್ತು, ಚುರುಕುತನ ತೋರಿಸುವ ಆಸೆ. ಏರಿಯ ಮೇಲೆ ನಿಂತು, 'ಗುಡ್ಡಿ ಎಲ್ಲಾ ಒಡದು ಮಣ್ಣು ಏರೀಗೆ ಹಾಕ್ರಿ,' ಎಂದು ಹೇಳಿದೆ. ಜೋರಾಗಿಯೇ ಹೇಳಿದೆ.

'ಒಡಿಯೂದೇನ್ರಿ? ಮತ್ತ ಅಳಿಯೂದಿಲ್ಲೇನು?' ಎಂದು ಹುಲಿಗೆಮ್ಮ ಕೇಳಿದಳು.

'ಅಳದಾಗ್ಯಾದ,' ಎಂದೆ.

ಎಂಟು ಗುಡ್ಡೆ ಸಂಜೆಯೊಳಗೆ ನೆಲಸಮವಾದವು. ಒಂಬತ್ತನೆಯದರ ಮಗ್ಗುಲಲ್ಲಿ ಹುಲಿಗೆಮ್ಮನ ಮಗಳ ಕೂಸು ಮಲಗುತ್ತಿತ್ತು. ಆ ಬಯಲಿನಲ್ಲಿ ಒಂದು ಗಿಡ ಇರಲಿಲ್ಲ. ನೆರಳೆಂದರೆ ಗುಡ್ಡೆಗಳದೇ ನೆರಳು. ಕೂಸಿಗೆ ಎರಡು ದಿನದಿಂದ ಜ್ವರ, ಅವತ್ತು ಮೊದಲ ಸಲ ನಿದ್ದೆ ಹತ್ತಿತ್ತು. 'ಕೂಸು ಏಳ್ಲಿ, ಆಮ್ಯಾಲ ಇದನ್ನ ಕಡೀತೀವಿ,' ಎಂದಳು. ಕೂಸು ಏಳುವಷ್ಟರಲ್ಲಿ ಹೊತ್ತು ಮುಳುಗಿತು. ಮರುದಿನ ಸಂತೆ, ಕೆಲಸವಿಲ್ಲ.

ಸಂತೆಯ ದಿನ ಖಾದರ್ ಸಾಬ್ ಬಸ್ಸಿಳಿದು ಬಂದರು. ನಾಳೆ ಎಂಜಿನಿಯರ್ ಬರುತ್ತಾರೆ, ಗುಡ್ಡೆ ಅಳೆಯಲು, ಎಂದರು. ನನ್ನ ಮುಖ ನೋಡಿದರು.

'ಎಷ್ಟ ಒಡಿಸಿದಿ?'

'ಎಂಟು.'

'ಇದ್ದದ್ದು?'

'ಒಂಬತ್ತು.'

ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. 'ಅದೊಂದು ಯಾಕ ಬಿಟ್ಟಿ?'

'ಕೂಸು ಮಲಗಿತ್ತು.'

'ನಮ್ಮ ದಫ್ತರದಾಗ ಬುದ್ಧಿ ಇದ್ದದ್ದು ಆ ಕೂಸಿಗೆ ಒಂದ,' ಎಂದರು.

ಎಂಜಿನಿಯರ್ ಮೈಸೂರು ಕಡೆಯವರು, ಚಿಕ್ಕ ವಯಸ್ಸು, ಬಿಸಿಲಿಗೆ ಮೂಗು ಸುಲಿದಿತ್ತು. ರಾಮಯ್ಯನವರೂ ಅಷ್ಟರಲ್ಲಿ ಬಂದಿದ್ದರು. ಗುಂಡಿಗೆ ಇಳಿದ ಎಂಜಿನಿಯರ್ ಬೋಳು ನೆಲವನ್ನು ನೋಡಿದರು, ಒಂಟಿ ಗುಡ್ಡೆಯನ್ನು ನೋಡಿದರು. ಪಟ್ಟಿ ಹಿಡಿಸಿ ಅಳೆದರು. ಎಂಟೂವರೆ ಅಡಿ. ಓವರ್‌ಸಿಯರ್ ಬರೆದ ಸರಾಸರಿ ಏಳು ಅಡಿ. ಒಂದೇ ಗುಡ್ಡೆ ಉಳಿದಿರುವಾಗ ಇಡೀ ಗುಂಡಿಗೆ ಅದೇ ಆಳ ಹಿಡಿಯಬೇಕಾಗುತ್ತದೆ ಎಂದರು. ರಾಮಯ್ಯನವರ ಮುಖ ಗುಡಿಯಲ್ಲಿ ಮಂಗಳಾರತಿ ತಗೊಳ್ಳುವವರ ಮುಖದ ಹಾಗಾಯಿತು.

ಮೇಲಿನ ಒಂದೂವರೆ ಅಡಿ ಎಲ್ಲಿಂದ ಬಂತು ಎಂಬುದು ನನಗೆ ಗೊತ್ತಿತ್ತು. ನೆರಳು ಸಾಲದೆಂದು ಹೆಂಗಸರು ಬೇಸಿಗೆಯ ಮೊದಲಲ್ಲೇ ಗುಡ್ಡೆಯ ತಲೆಗೆ ಮಣ್ಣು ಏರಿಸಿದ್ದರು. ಸಡಿಲ ಮಣ್ಣು ಗಾಳಿಗೆ ಹಾರಿ ಕೂಸಿನ ಕಣ್ಣಿಗೆ ಬೀಳಬಾರದೆಂದು ಮೇಲೆ ಹುಲ್ಲಿನ ಹೆಂಟೆ ಮುಚ್ಚಿ, ಕುಡಿಯುವ ಕೊಡದಲ್ಲಿ ಉಳಿದ ನೀರು ಹಾಕಿದ್ದರು. ಹುಲ್ಲು ಬೇರು ಬಿಟ್ಟಿತ್ತು. ಕಳ್ಳರು ಮಾಡುವುದೂ ಹೀಗೆಯೇ. ಇಷ್ಟು ಅಚ್ಚುಕಟ್ಟಾಗಿ ಮಾಡುವುದಿಲ್ಲ, ಅಷ್ಟೇ.

'ಇದರ ಮೇಲೆ ಯಾರಾದರೂ ಮಣ್ಣು ಹಾಕಿದ್ದೀರಾ?' ಎಂದು ಎಂಜಿನಿಯರ್ ಕೇಳಿದರು.

'ಅಯ್ಯೋ, ಎಲ್ಲಾದ್ರೂ ಉಂಟಾ ಸಾರ್,' ಎಂದರು ರಾಮಯ್ಯ. ನಾನು ಮಸ್ಟರ್ ತೆರೆದು ಏನನ್ನೋ ಓದತೊಡಗಿದೆ.

'ಹಾಕೀವ್ರಿ,' ಎಂದಳು ಹುಲಿಗೆಮ್ಮ. 'ಕೂಸಿಗೆ ನೆಳ್ಳು ಸಾಲ್ತಿರ್ಲಿಲ್ಲ.'

ಎಂಜಿನಿಯರ್ ಅವಳನ್ನು ಒಮ್ಮೆ ನೋಡಿ, ತಾವೇ ಗುದ್ದಲಿ ತಗೊಂಡು ಗುಡ್ಡೆಯ ಮಗ್ಗುಲನ್ನು ಸೀಳಿದರು. ಮೇಲೆ ಹಸಿರು ಹುಲ್ಲು. ಅದರ ಕೆಳಗೆ ತಳದಿಂದ ತಂದ ಹಳದಿ ಗರಸು, ಒಂದೂವರೆ ಅಡಿ. ಅದರ ಕೆಳಗೆ ಕೊಳೆತ ಹಳೆಯ ಹುಲ್ಲಿನ ಸಣ್ಣ ಗೆರೆ, ಆಮೇಲೆ ಕರಿ ಎರೆಮಣ್ಣು. ಆ ಗೆರೆಯಿಂದ ಅಳೆದರು. ಏಳು ಅಡಿ, ಒಂದು ಬೆರಳು ಹೆಚ್ಚಿಲ್ಲ. ಓವರ್‌ಸಿಯರ್ ಬರೆದದ್ದು ಸರಿಯಾಗಿತ್ತು. ಏಳನ್ನೇ ಬರೆದುಕೊಂಡರು. ಷರಾದ ಕಾಲಮಿನಲ್ಲಿ, ಮೇಲಿನ ಒಂದೂವರೆ ಅಡಿ ಮಗುವಿನ ನೆರಳಿಗಾಗಿ, ಎಂದೂ ಬರೆದರು. ಅದಕ್ಕೆ ತಪಾಸಣೆಯವರು ಬಹಳ ವರ್ಷ ಪತ್ರ ಬರೆಯುತ್ತಿದ್ದರು. ದರಪಟ್ಟಿಯಲ್ಲಿ ನೆರಳು ಎಂಬ ಬಾಬು ಇಲ್ಲ ಎಂಬುದು ಅವರ ತಕರಾರು.

ಆಮೇಲೆ ಎಂಜಿನಿಯರ್ ಬೋಳು ನೆಲದ ಕಡೆ ಕೈ ತೋರಿಸಿದರು. 'ಉಳಿದವನ್ನು ಒಡೆದದ್ದು ಯಾರು?'

'ನಾವ ಒಡದ್ವಿರಿ,' ಎಂದಳು ಹುಲಿಗೆಮ್ಮ.

ಅದು ಸುಳ್ಳಲ್ಲ. ಗುದ್ದಲಿ ಅವರದೇ. ಯಾರು ಹೇಳಿದ್ದು ಎಂದು ಎಂಜಿನಿಯರ್ ಕೇಳಲಿಲ್ಲ. ನಿಯಮದ ಪ್ರಕಾರ ದಂಡ ಹಾಕಲೇಬೇಕು ಎಂದರು. ಗುತ್ತಿಗೆದಾರರ ಕಡೆಯವರ ತಪ್ಪಾದರೆ ದಂಡ ಗುತ್ತಿಗೆದಾರರದು, ಕೆಲಸದವರೇ ತಿಳಿಯದೆ ಮಾಡಿದ್ದಾದರೆ ಅವರ ಬಾಕಿಯಲ್ಲಿ ಮುರಿದುಕೊಳ್ಳಿ, ಹೇಳಿಕೆ ಬರೆದುಕೊಡಿ ಎಂದರು. ರಾಮಯ್ಯ ನನ್ನ ಕಡೆ ತಿರುಗಿ, 'ಬರಿ ನಾಯನಾ,' ಎಂದರು. ಅವರಿಗೆ ನಿಜ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಅವತ್ತೇ ನನ್ನ ಗಂಟುಮೂಟೆ ಮಸ್ಕಿಯ ಬಸ್ಸಿನ ಮೇಲೆ ಇರುತ್ತಿತ್ತು. ಹುಲಿಗೆಮ್ಮ ನನ್ನನ್ನು ನೋಡುತ್ತಿದ್ದಳು. ಖಾದರ್ ಸಾಬ್ ಕನ್ನಡಕ ಒರೆಸುತ್ತಿದ್ದರು.

ನಾನು ಬರೆದೆ: 'ಕೂಲಿಗಳ ಅಜ್ಞಾನದಿಂದ ಎಂಟು ಗುಡ್ಡೆಗಳು ಅಳತೆಗೆ ಮುಂಚೆ ಒಡೆಯಲ್ಪಟ್ಟಿವೆ.' ಹುಲಿಗೆಮ್ಮ ಬಂದು ಹೆಬ್ಬೆಟ್ಟು ಒತ್ತಿದಳು. ಪಕ್ಕದಲ್ಲಿ ಗುರುತು ಹಿಡಿದವನೆಂದು ನಾನು ಸಹಿ ಹಾಕಿದೆ. ಖಾದರ್ ಸಾಬ್ ಕಾಗದವನ್ನು ಬೆಳಕಿಗೆ ಹಿಡಿದು ಓದಿದರು.

'ಅಕ್ಷರ ಛಲೋ ಅದಾವ,' ಎಂದರು. ಮತ್ತೆ ಆ ವಿಷಯವನ್ನು ಸಾಯುವವರೆಗೂ ಎತ್ತಲಿಲ್ಲ. ನನಗೆ ಜೀವನದಲ್ಲಿ ಬಿದ್ದ ಏಟುಗಳಲ್ಲಿ ಅದೇ ದೊಡ್ಡದು.

ದಂಡ ಮುರಿದುಕೊಂಡು ಕೊಟ್ಟ ಬಾಕಿಯಲ್ಲಿ ಹುಲಿಗೆಮ್ಮನಿಗೆ ಒಂದೇ ಕತ್ತೆ ಬಂತು. ಮುಂದಿನ ಮೈಲಿಯಲ್ಲಿ ಅವಳಿಗೆ ಅರ್ಧ ಕೆಲಸ ಸಿಕ್ಕಿತು. ಉಳಿದರ್ಧ ಬೇರೆ ಗ್ಯಾಂಗಿಗೆ ಹೋಯಿತು. ಎರಡನೇ ಕತ್ತೆ ಹೊರಬೇಕಾಗಿದ್ದ ಮಣ್ಣನ್ನು ಅವಳ ಮಗಳು ತಲೆಯ ಮೇಲೆ ಹೊತ್ತಳು, ಕೂಸನ್ನು ಬೆನ್ನಿಗೆ ಕಟ್ಟಿಕೊಂಡು. ನಾನು ಏರಿಯ ಮೇಲೆ ನಿಂತು ಹಾಜರಿ ಹಾಕಿದೆ. ಒಂದು ದಿನವೂ ಕಡಿಮೆ ಹಾಕಲಿಲ್ಲ. ಅದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಆಮೇಲೆ ನೀರು ಬಂತು, ಭತ್ತ ಬಂತು, ಅಡಿ ಹೋಗಿ ಮೀಟರು ಬಂತು. ಮೀಟರು ಬಂದ ಹೊಸತರಲ್ಲಿ ನಾನು ಒಂದು ಮೋರಿಯನ್ನು ಇದ್ದದ್ದಕ್ಕಿಂತ ಮೂರು ಪಟ್ಟು ಎತ್ತರ ಬರೆದು, ಕಾಲುವೆಗಿಂತ ಮೋರಿ ದೊಡ್ಡದು ಮಾಡಿದ್ದೆ. ಆ ತಪ್ಪನ್ನು ಒಂದು ಗೆರೆ ಎಳೆದು ಸರಿಮಾಡಿದೆ. ಅಂಥವು ಸುಲಭ.

ಬಹಳ ವರ್ಷದ ಮೇಲೆ ಲಿಂಗಸುಗೂರಿನ ಬಸ್ ನಿಲ್ದಾಣದಲ್ಲಿ ಹುಲಿಗೆಮ್ಮ ಸಿಕ್ಕಳು. ಹಟ್ಟಿಯ ಬಸ್ಸಿಗೆ ಕಾಯುತ್ತಿದ್ದಳು. ಮಗಳ ಗಂಡನಿಗೆ ಅಲ್ಲಿ ಗಣಿಯಲ್ಲಿ ಕೆಲಸ ಸಿಕ್ಕಿ ಮಗಳೂ ಅಲ್ಲೇ ಇದ್ದಾಳಂತೆ, ನೆರಳಲ್ಲಿ ಮಲಗಿದ್ದ ಕೂಸು ಶಾಲೆಗೆ ಹೋಗುತ್ತಿದೆಯಂತೆ. ಚಹಾ ಕುಡಿಸಿದೆ. ಕುಡಿದು ಮುಗಿಯುವವರೆಗೂ ಧೈರ್ಯ ಬರಲಿಲ್ಲ.

'ಅವತ್ತ ನನ್ನ ಹೆಸರು ಯಾಕ ಹೇಳ್ಲಿಲ್ಲ?' ಎಂದೆ.

'ಅಂವ ಕೇಳ್ಲಿಲ್ಲಲ್ರಿ.' ಲೋಟ ಕೆಳಗಿಟ್ಟಳು. 'ಹೇಳೂಣೇನು ಅಂತ ಅನಸಿತ್ತು. ನಿಮ್ಮನ್ನ ಬಿಡಿಸಿದ್ರ ಹೊಸ ಗುಮಾಸ್ತ ಬರ್ತಾನ. ಅಂವ ಹಾಜರಿ ಕದಿಯಾಂವ ಆದ್ರ ವರ್ಷಕ್ಕ ಎರಡ್ ಕತ್ತಿ ಹೋಗ್ತಾವ. ನಿಮ್ಮಿಂದ ಒಂದ ಹೋಗಿತ್ತು.'

ಇಷ್ಟು ಸರಿಯಾದ ಲೆಕ್ಕವನ್ನು ನಾನು ಮತ್ತೆ ಯಾರ ಬಾಯಲ್ಲೂ ಕೇಳಿಲ್ಲ. ಜೇಬಿಗೆ ಕೈ ಹಾಕಿದೆ. ಆ ಕತ್ತೆಯ ದುಡ್ಡು ಈಗಲಾದರೂ ತಗೋ ಎಂದೆ.

'ಈಗ ಕತ್ತಿ ತಗೊಂಡು ಏನ್ ಮಾಡ್ಲಿರಿ, ಟ್ಯಾಕ್ಟರ್ ಬಂದಾವ,' ಎಂದಳು. ಬಸ್ಸು ಬಂತು. ಗಂಟು ಎತ್ತಿಕೊಂಡು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. 'ಖರೇ ಹೇಳ್ಲೇನ್ರಿ? ನೀವ ಹೇಳ್ತೀರಿ ಅಂತ ನಿಂತಿದ್ದೆ.'

ಆ ಹೇಳಿಕೆಯ ಕಾಗದ ನಿಯಮದ ಪ್ರಕಾರ ಎಂದೋ ಸುಟ್ಟುಹೋಗಿರಬೇಕು. ಆದರೆ ಆ ಸಾಲು ನನಗೆ ಬಾಯಿಪಾಠ. ಅದನ್ನು ಅಳಿಸುವುದಿಲ್ಲ. ಹಳೆಯದು ಕಾಣುವಂತೆ ಒಂದೇ ಗೆರೆ ಎಳೆಯುತ್ತೇನೆ. 'ಕೂಲಿಗಳ' ಎಂದು ಇರುವಲ್ಲಿ 'ಗುಮಾಸ್ತನ' ಎಂದು ಓದಿಕೊಳ್ಳಿ. ಪಕ್ಕದಲ್ಲಿರುವ ಹೆಬ್ಬೆಟ್ಟು ಹುಲಿಗೆಮ್ಮನದು, ಅದನ್ನು ಗುರುತು ಹಿಡಿದಿದ್ದೇನೆ. ತಿದ್ದಿದವನ ಸಹಿ ನನ್ನದು.